ಕೈಮದ ಜಾಗಕ್ಕೆ ಕಾಳು



ಭಾನುವಾರ ಬೆಳಿಗ್ಗೆ ಮಂಡ್ಯ, ರಾಮನಗರ, ತುಮಕೂರು ಕಡೆಯ ಯಾವುದೇ ಊರಿನ ಮಟನ್ ಅಂಗಡಿಯ ಮುಂದೆ ನಿಂತರೂ “ಅರ್ಧ ಕೆಜಿ ಕೈಮ ಹೊಡೆದುಕೊಡಣ್ಣ, ಕೊಬ್ಬು ಜಾಸ್ತಿ ಬೇಡ” ಅನ್ನುವ ಮಾತು ಕಿವಿಗೆ ಬೀಳುತ್ತದೆ. ಮೂಳೆಯ ತುಂಡಿಗಿಂತ ಕೈಮ, ಅಂದರೆ ಸಣ್ಣಗೆ ಕೊಚ್ಚಿದ ಖೀಮಾ, ಮನೆಮಂದಿಗೆಲ್ಲ ಒಗ್ಗುವ ಮಾಂಸ. ಹಲ್ಲು ಬಾರದ ಮಗುವೂ, ಹಲ್ಲು ಬಿದ್ದ ಅಜ್ಜಿಯೂ ತಿನ್ನಬಹುದು. ಮುದ್ದೆಯ ಜೊತೆ ಕೈಮ ಉಂಡೆ ಸಾರು, ದೋಸೆಗೆ ಕೈಮ ಗೊಜ್ಜು, ರಂಜಾನ್ ತಿಂಗಳಲ್ಲಿ ಖೀಮಾ ಸಮೋಸ, ಮಿಲಿಟರಿ ಹೋಟೆಲಿನ ಬೆಳಗಿನ ತಿಂಡಿ, ಹೀಗೆ ಕೈಮ ಇಲ್ಲದ ಕಡೆಯಿಲ್ಲ. ಇವತ್ತು ನಾನು ಮಾತಾಡಲು ಬಂದಿರುವುದು ಈ ಕೈಮದ ಜಾಗದಲ್ಲಿ ವಾರಕ್ಕೆ ಒಂದೆರಡು ಸಲ ಕಾಳು, ಅಣಬೆ, ಎಳೆ ಹಲಸಿನ ಗುಜ್ಜೆಗಳನ್ನು ಇಟ್ಟು, ಮನೆಯವರೆಲ್ಲ ಒಂದೇ ಪಾತ್ರೆಯಿಂದ ತೃಪ್ತಿಯಾಗಿ ಉಣ್ಣುವ ಬಗ್ಗೆ. ಪೊಟ್ಟಣದಲ್ಲಿ ಬರುವ ನಕಲಿ ಮಾಂಸದ ಬಗ್ಗೆ ಅಲ್ಲ, ಹೊಲ ತೋಟದಿಂದ ಇದ್ದ ಹಾಗೇ ಅಡುಗೆಮನೆಗೆ ಬರುವ ಪದಾರ್ಥಗಳ ಬಗ್ಗೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಾಂಸ ತಿನ್ನುವುದು ಕೀಳು, ಸೊಪ್ಪು ತಿನ್ನುವುದು ಮೇಲು ಎಂಬ ಮಾತು ನಮ್ಮ ನಾಡಿನಲ್ಲಿ ಬಹಳ ಜನರ ಮನಸ್ಸು ನೋಯಿಸಿದೆ. ಆ ಮಾತಿಗೂ ನನ್ನ ಮಾತಿಗೂ ಸಂಬಂಧವಿಲ್ಲ. ನಿಜ ಹೇಳಬೇಕೆಂದರೆ ಕಾಳು ಬೇಯಿಸುವ ವಿದ್ಯೆಯಲ್ಲಿ ನಮ್ಮ ಕಡೆ ಎತ್ತಿದ ಕೈ ಮಾಂಸ ತಿನ್ನುವ ಮನೆಗಳದೇ. ಸೋಮವಾರ, ಶನಿವಾರ, ಶ್ರಾವಣ ಮಾಸ, ಹಬ್ಬ ಹರಿದಿನ ಎಂದು ವರ್ಷದಲ್ಲಿ ಎಷ್ಟೋ ದಿನ ಆ ಮನೆಗಳಲ್ಲಿ ಮಾಂಸ ಬೇಯುವುದಿಲ್ಲ. ಆ ದಿನಗಳ ಊಟವೇ ಹುರುಳಿಕಾಳು ಬಸ್ಸಾರು, ಅಲಸಂದೆ ಕಾಳಿನ ಸಾರು, ಹಿತಕಿದ ಅವರೆಬೇಳೆ. ಅದರ ಮಸಾಲೆಯನ್ನು ನೋಡಿ: ಎಷ್ಟೋ ಮನೆಗಳಲ್ಲಿ ಚಕ್ಕೆ, ಲವಂಗ, ಗಸಗಸೆ, ಧನಿಯಾ, ಸುಟ್ಟ ಈರುಳ್ಳಿ, ತೆಂಗಿನಕಾಯಿ, ಹೀಗೆ ಬಾಡಿನ ಸಾರಿಗೆ ರುಬ್ಬುವುದನ್ನೇ ಹಿತಕಿದ ಬೇಳೆಗೂ ರುಬ್ಬುತ್ತಾರೆ. ನಾನು ಹೇಳಹೊರಟಿರುವ ಅಡುಗೆಗೆ ಬೇಕಾದ ವಿದ್ಯೆಯೆಲ್ಲ ಆ ಒಲೆಗಳಲ್ಲಿ ಆಗಲೇ ಇದೆ.

ಇನ್ನೂ ಒಂದು ಸಂಗತಿ. ಕೈಮ ಉಂಡೆಯನ್ನು ಬರೀ ಮಾಂಸದಿಂದ ಯಾರೂ ಮಾಡುವುದಿಲ್ಲ. ಅದರಲ್ಲಿ ಹುರಿಗಡಲೆ ಪುಡಿ ಇರುತ್ತದೆ, ತೆಂಗಿನ ತುರಿ ಇರುತ್ತದೆ, ಈರುಳ್ಳಿ, ಕೊತ್ತಂಬರಿ, ಪುದೀನ ಇರುತ್ತವೆ. ಮುಸ್ಲಿಮರ ಮನೆಯ ಶಾಮಿ ಕಬಾಬಿನಲ್ಲಿ ಖೀಮಾದ ಜೊತೆಯಲ್ಲೇ ಕಡಲೆಬೇಳೆ ಬೇಯುತ್ತದೆ. ದಾಲ್ಚಾದಲ್ಲಿ ಬೇಳೆ, ಹಲೀಮಿನಲ್ಲಿ ಗೋಧಿ ಮತ್ತು ಬೇಳೆ. ಮಾಂಸವನ್ನೂ ಕಾಳನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸುವುದು ನಮ್ಮ ಹಿರಿಯರು ನೂರಾರು ವರ್ಷದಿಂದ ಮಾಡಿಕೊಂಡು ಬಂದಿರುವ ಕೆಲಸ. ನಾವು ಕಾಳಿನ ಪಾಲನ್ನು ಇನ್ನಷ್ಟು ಹೆಚ್ಚಿಸಬೇಕು, ಅಷ್ಟೆ.

ಹಾಗಾದರೆ ಕೈಮ ತೆಗೆದು ಕಾಳು ಹಾಕಿದಾಗ ಅಡುಗೆ ಏಕೆ ಸಪ್ಪೆ ಅನ್ನಿಸುತ್ತದೆ? ಮಾಂಸ ಆ ಬಾಣಲೆಯಲ್ಲಿ ಏನೇನು ಕೆಲಸ ಮಾಡುತ್ತಿತ್ತು ಎಂದು ನಾವು ವಿಚಾರಿಸದೆ ಇರುವುದರಿಂದ. ಅದು ಬಾಯಿಗೆ ಜಗಿಯಲು ಏನಾದರೂ ಕೊಡುತ್ತಿತ್ತು. ತನ್ನ ಕೊಬ್ಬನ್ನು ಬಿಟ್ಟು ಮಸಾಲೆಯ ಘಮವನ್ನು ಎಳೆದುಕೊಳ್ಳುತ್ತಿತ್ತು. ಬಿಸಿ ತಾಗಿ ಕಂದು ಬಣ್ಣಕ್ಕೆ ತಿರುಗಿದಾಗ ಹುರಿದ ವಾಸನೆ ಹೊಮ್ಮಿಸುತ್ತಿತ್ತು. ಉಂಡೆ ಕಟ್ಟಿದರೆ ಒಡೆಯದೆ ನಿಲ್ಲುತ್ತಿತ್ತು. ಈ ಕೆಲಸಗಳನ್ನೆಲ್ಲ ಒಂದೇ ಕಾಳಿನ ತಲೆಗೆ ಕಟ್ಟಿದರೆ ಅದು ಸೋಲುತ್ತದೆ. ಹಂಚಿಕೊಟ್ಟರೆ ಗೆಲ್ಲುತ್ತದೆ. ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದೇ.

ಮೊದಲು ಒಣ ಕೈಮದಂಥ ಪಲ್ಯವನ್ನು ತೆಗೆದುಕೊಳ್ಳೋಣ, ಚಪಾತಿಗೋ ದೋಸೆಗೋ ಹಚ್ಚಿಕೊಳ್ಳುವಂಥದ್ದು. ಇದಕ್ಕೆ ನನ್ನ ಆಯ್ಕೆ ಸಿಪ್ಪೆ ತೆಗೆಯದ ಇಡೀ ಮಸೂರು. ನಮ್ಮ ಕಡೆಯ ಅಂಗಡಿಗಳಲ್ಲಿ ಚನ್ನಂಗಿ ಎಂದು ಕೇಳಿದರೆ ಕೊಡುತ್ತಾರೆ. ಕೆಂಪಗಿನ ಒಡೆದ ಬೇಳೆ ಬೇಡ, ಅದು ಕರಗಿ ಗಂಜಿಯಾಗುತ್ತದೆ. ಸಿಪ್ಪೆ ಇರುವ ಕಾಳು ನೆನೆಸದಿದ್ದರೂ ತೆರೆದ ಪಾತ್ರೆಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಬೇಯುತ್ತದೆ. ಕುಕ್ಕರ್ ಬೇಡವೆನ್ನಲು ಕಾರಣವಿದೆ: ಒಂದು ಸೀಟಿ ಹೆಚ್ಚಾದರೂ ಕಾಳು ನುಣ್ಣಗಾಗಿ ಜಗಿಯಲು ಏನೂ ಉಳಿಯುವುದಿಲ್ಲ. ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ತಾನಾಗಿ ಒಡೆದಿರಬಾರದು. ಆಗ ಬಸಿದುಬಿಡಿ. ಬಸಿದ ನೀರನ್ನು, ಅಂದರೆ ಕಟ್ಟನ್ನು, ಚೆಲ್ಲಬೇಡಿ, ಸಾರಿಗೆ ಬೇಕಾಗುತ್ತದೆ. 200 ಗ್ರಾಂ ಕಾಳು ಬೆಂದ ಮೇಲೆ ಹೆಚ್ಚು ಕಡಿಮೆ ಅರ್ಧ ಕೆಜಿ ಆಗುತ್ತದೆ, ಅಂದರೆ ನೀವು ತರಿಸುತ್ತಿದ್ದ ಕೈಮದಷ್ಟೇ.

ಈಗ ಅಣಬೆ. ಬಟನ್ ಅಣಬೆ ಈಗ ಜಿಲ್ಲಾ ಕೇಂದ್ರಗಳ ತರಕಾರಿ ಅಂಗಡಿಗಳಲ್ಲೂ ಸಿಗುತ್ತಿದೆ. ಚಿಪ್ಪಣಬೆಯನ್ನು ಮನೆಯ ಮೂಲೆಯಲ್ಲೇ ಹುಲ್ಲಿನ ಚೀಲದಲ್ಲಿ ಬೆಳೆಸಿಕೊಳ್ಳುವವರೂ ಇದ್ದಾರೆ. ಕಾಡಿನಲ್ಲಿ, ಹಿತ್ತಲಲ್ಲಿ ತಾನಾಗಿ ಎದ್ದ ಅಣಬೆಯನ್ನು ಗುರುತಿಲ್ಲದವರು ಮುಟ್ಟಬಾರದು. 200 ಗ್ರಾಂ ಅಣಬೆಯನ್ನು ಚಾಕುವಿನಿಂದ ಸಣ್ಣಗೆ ಕೊಚ್ಚಿ. ಮಿಕ್ಸಿಗೆ ಹಾಕಿದರೆ ಪಾಯಸವಾಗುತ್ತದೆ. ಅಗಲವಾದ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆಯನ್ನೂ ಹಾಕದೆ ಅಣಬೆಯನ್ನು ಹರಡಿ.

ಇಲ್ಲಿಂದ ಮುಂದೆ ನಿಮ್ಮ ಕಿವಿಯೇ ಗಡಿಯಾರ. ಹಾಕಿದ ಕೂಡಲೇ ಚುರ್ ಎನ್ನುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅಣಬೆ ನೀರು ಬಿಡುತ್ತದೆ, ಸದ್ದು ತಗ್ಗಿ ಲೊಟಲೊಟ ಕುದಿಯುವ ಶಬ್ದ ಕೇಳಿಸುತ್ತದೆ. ಬಹಳ ಮಂದಿ ಇಲ್ಲೇ ಬೆಂದಿತೆಂದು ಇಳಿಸಿಬಿಡುತ್ತಾರೆ. ಇಳಿಸಬೇಡಿ, ಉಪ್ಪನ್ನೂ ಹಾಕಬೇಡಿ. ನೀರೆಲ್ಲ ಇಂಗಿದ ಮೇಲೆ ಮತ್ತೆ ಚಟಚಟ ಸದ್ದು ಎದ್ದೇಳುತ್ತದೆ. ಆಗ ಎರಡು ಚಮಚ ಎಣ್ಣೆ ಬಿಟ್ಟು ಅಂಚು ಕಂದಾಗುವವರೆಗೆ ಹುರಿಯಿರಿ. ನೀರು ಇರುವತನಕ ಅಣಬೆಯ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ದಾಟದ ಹೊರತು ಹುರಿದ ಬಣ್ಣವೂ ಬಾರದು, ವಾಸನೆಯೂ ಬಾರದು. ಪ್ರೋಟೀನು ಮತ್ತು ಸಕ್ಕರೆಯ ಅಂಶ ಬಿಸಿಗೆ ಕೂಡಿ ಕಂದಾಗುವ ಈ ಕ್ರಿಯೆಗೆ ಫ್ರಾನ್ಸಿನ ಮೈಲಾರ್ಡ್ ಎಂಬ ವಿಜ್ಞಾನಿಯ ಹೆಸರಿದೆ. ಅವರು ಇದನ್ನು ವಿವರಿಸಿದ್ದು 1912ರಲ್ಲಿ. ಕೈಮ ಹುರಿದಾಗ ಮನೆಯೆಲ್ಲ ಘಮ್ಮೆನ್ನುವುದಕ್ಕೂ ಇದೇ ಕಾರಣ. ಅಣಬೆಯಲ್ಲಿ ಗ್ಲುಟಮೇಟ್ ಎಂಬ ಅಂಶವೂ ಇದೆ, ಟೊಮೆಟೊದಲ್ಲೂ ಇದೆ. ಮಾಂಸದ ಸಾರಿನಲ್ಲಿ ನಾಲಿಗೆಗೆ ಸಿಗುವ ಆ ತುಂಬು ರುಚಿಯ ಒಂದು ಮೂಲ ಅದೇ.

ಅದೇ ಬಾಣಲೆಯಲ್ಲಿ ಇನ್ನೊಂದಿಷ್ಟು ಎಣ್ಣೆ, ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಟೊಮೆಟೊ, ನಿಮ್ಮ ಮನೆಯ ಕೈಮದ ಮಸಾಲೆ. ಕೊನೆಗೆ ಬಸಿದ ಮಸೂರು, ಹುರಿದ ಅಣಬೆ, ಒಂದು ಹಿಡಿ ತರಿಯಾಗಿ ಕುಟ್ಟಿದ ಶೇಂಗಾ. ಈ ಶೇಂಗಾ ಮುಖ್ಯ. ಕಾಳಿನಲ್ಲಿ ಕೊಬ್ಬು ಬಹಳ ಕಡಿಮೆ, ಮಸಾಲೆಯ ಪರಿಮಳವೋ ಎಣ್ಣೆಯಲ್ಲೇ ಕರಗುವಂಥದ್ದು, ಆ ಕೊಬ್ಬನ್ನು ಶೇಂಗಾ ಕೊಡುತ್ತದೆ. ಉತ್ತರ ಕರ್ನಾಟಕದವರು ಶೇಂಗಾದ ಬದಲು ಗುರೆಳ್ಳಿನ ಪುಡಿ ಹಾಕಿ ನೋಡಲಿ, ಜೋಳದ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೊತೆಯಿಲ್ಲ. ಒಂದು ಹಿಡಿ ಕಾಳನ್ನು ಸೌಟಿನ ಬೆನ್ನಿನಿಂದ ಜಜ್ಜಿಬಿಟ್ಟರೆ ಉಳಿದದ್ದೆಲ್ಲ ಹೊಂದಿಕೊಂಡು ನಿಲ್ಲುತ್ತದೆ.

ಉಂಡೆ ಸಾರಿನ ಲೆಕ್ಕ ಬೇರೆ. ಕೈಮ ಉಂಡೆಯನ್ನು ಕುದಿಯುವ ಸಾರಿಗೆ ಹಸಿಯಾಗಿಯೇ ಬಿಡುತ್ತೇವೆ, ಒಡೆಯುವುದಿಲ್ಲ. ಬಿಸಿ ತಾಗಿದ ಕೂಡಲೇ ಮಾಂಸದ ಪ್ರೋಟೀನು ಹೆಪ್ಪುಗಟ್ಟಿ ಉಂಡೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಕಾಳಿನ ಉಂಡೆಯನ್ನು ಹಾಗೆ ಬಿಟ್ಟರೆ ಸಾರೆಲ್ಲ ರಾಡಿ. ಬೇಯಿಸಿದ ಕಾಳನ್ನು ಹಿಸುಕಿ ಕಟ್ಟಿದರಂತೂ ನಿಲ್ಲುವುದೇ ಇಲ್ಲ, ಏಕೆಂದರೆ ಅದರ ಪಿಷ್ಟ ಆಗಲೇ ಬೆಂದು ಮುಗಿದಿರುತ್ತದೆ. ಇದಕ್ಕೆ ಉಪಾಯ ನಮ್ಮ ನುಚ್ಚಿನುಂಡೆಯಲ್ಲಿದೆ: ನೆನೆಸಿದ ಹಸಿ ಬೇಳೆಯನ್ನು ನೀರು ಹಾಕದೆ ತರಿತರಿಯಾಗಿ ರುಬ್ಬಿ ಹಬೆಯಲ್ಲಿ ಬೇಯಿಸುವುದು. ಹಸಿ ಪಿಷ್ಟ ಹಬೆಯಲ್ಲಿ ಬೇಯುತ್ತಾ ಅಂಟಾಗಿ ಉಂಡೆಯನ್ನು ಕಟ್ಟಿಹಾಕುತ್ತದೆ.

150 ಗ್ರಾಂ ಅಲಸಂದೆಯನ್ನು ರಾತ್ರಿಯೇ ನೆನೆಹಾಕಿ. 50 ಗ್ರಾಂ ಕಡಲೆಬೇಳೆಗೆ ಎರಡು ಮೂರು ಗಂಟೆ ಸಾಕು. ಎರಡನ್ನೂ ಪೂರ್ತಿ ಬಸಿದು ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಆರಲು ಬಿಡಿ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಪುದೀನ ಸೇರಿಸಿ ಮಿಕ್ಸಿಯನ್ನು ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ರುಬ್ಬಿ. ಒಳಕಲ್ಲು ಇದ್ದವರು ಪುಣ್ಯವಂತರು, ಅದರಲ್ಲಿ ಬರುವ ತರಿ ಮಿಕ್ಸಿಯಲ್ಲಿ ಬಾರದು. ಆಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ತೆಂಗಿನ ತುರಿ, ಮೂರು ಚಮಚ ಹುರಿಗಡಲೆ ಪುಡಿ, ಉಪ್ಪು. ನಿಂಬೆ ಗಾತ್ರದ ಉಂಡೆ ಕಟ್ಟಿ ಇಡ್ಲಿ ತಟ್ಟೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸಿ, ತಣಿಯಲು ಬಿಡಿ. ಬಡಿಸುವ ಹತ್ತು ನಿಮಿಷ ಮುಂಚೆ ಸಾರಿಗೆ ಇಳಿಸಿದರೆ ಆಯಿತು. ಸಾರಿಗೆ ನೀರಿನ ಬದಲು ಹುರುಳಿಯ ಕಟ್ಟನ್ನೋ ಮಸೂರಿನ ಕಟ್ಟನ್ನೋ ಬಳಸಿ. ಮಾಂಸ ಬೆಂದು ಬಿಡುತ್ತಿದ್ದ ರಸದ ಜಾಗವನ್ನು ಕಟ್ಟು ತುಂಬುತ್ತದೆ. ಒಂದು ಎಚ್ಚರಿಕೆ: ರಾಜ್ಮಾವನ್ನಾಗಲಿ ಒಣ ಅವರೆಯನ್ನಾಗಲಿ ಹೀಗೆ ಹಸಿಯಾಗಿ ರುಬ್ಬಿ ಹಬೆಯಲ್ಲಿ ಬೇಯಿಸಬೇಡಿ. ಅವುಗಳಲ್ಲಿ ಹೊಟ್ಟೆ ಕೆಡಿಸುವ ಅಂಶಗಳಿವೆ. ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿಯೇ ತಿನ್ನಬೇಕು.

ಕರಾವಳಿಯವರಿಗೆ ಗುಜ್ಜೆಯ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಎಳೆ ಹಲಸು ಎಳೆಎಳೆಯಾಗಿ ಬಿಡಿಸಿಕೊಳ್ಳುವ ರೀತಿ ಮಾಂಸಕ್ಕೆ ಬಹಳ ಹತ್ತಿರ. ಆದರೆ ಅದರಲ್ಲಿ ಪ್ರೋಟೀನು 100 ಗ್ರಾಮಿಗೆ ಎರಡು ಮೂರು ಗ್ರಾಂ ಮಾತ್ರ. ಬರೀ ಗುಜ್ಜೆ ಬಡಿಸಿ ಮಾಂಸದ ಬದಲಿಗೆ ಕೊಟ್ಟೆ ಎಂದುಕೊಂಡರೆ ಮಕ್ಕಳಿಗೆ ಮೋಸವಾಗುತ್ತದೆ. ದಕ್ಷಿಣ ಕನ್ನಡದ ಕಡ್ಲೆ–ಗುಜ್ಜೆ ಪಲ್ಯ ಇಲ್ಲಿ ದಾರಿ ತೋರಿಸುತ್ತದೆ. ಗುಜ್ಜೆ ಎಳೆ ಕೊಡುತ್ತದೆ, ಕಡಲೆಕಾಳು ಸತ್ವ ಕೊಡುತ್ತದೆ. ಬಾಳೆಹೂವಿಗೂ ಇದೇ ಮಾತು. ಇನ್ನು ಮೀಲ್‌ಮೇಕರ್ ಎಂದು ನಾವು ಕೊಳ್ಳುವ ಸೋಯಾ ತುಂಡು, ಎಣ್ಣೆ ತೆಗೆದ ಮೇಲೆ ಉಳಿದ ಸೋಯಾ ಹಿಟ್ಟಿನಿಂದ ಯಂತ್ರದಲ್ಲಿ ಉಬ್ಬಿಸಿ ಮಾಡಿದ್ದು. ಪ್ರೋಟೀನು ಧಾರಾಳವಾಗಿದೆ, ಅವಸರಕ್ಕೆ ಆಗುತ್ತದೆ. ಆದರೂ ದಿನವಹಿ ಊಟಕ್ಕೆ ನಾನು ಇಡೀ ಕಾಳನ್ನೇ ಆರಿಸುತ್ತೇನೆ. ನಾರು, ಸಿಪ್ಪೆ, ಅದರ ಜೊತೆಗಿನ ಖನಿಜಗಳು ಎಲ್ಲ ಒಟ್ಟಿಗೆ ಬರುವುದು ಇಡೀ ಕಾಳಿನಲ್ಲಿ.

ಪ್ರೋಟೀನಿನ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ನೋಡೋಣ. ಒಣಕಾಳಿನಲ್ಲಿ 100 ಗ್ರಾಮಿಗೆ 20ರಿಂದ 24 ಗ್ರಾಂ ಪ್ರೋಟೀನು ಇರುತ್ತದೆ, ಹಸಿ ಮಟನ್ನಿನಲ್ಲೂ ಸುಮಾರು 20. ಇದನ್ನು ಕೇಳಿ ಎರಡೂ ಸಮ ಎಂದು ಹೇಳುವವರಿದ್ದಾರೆ. ಸಮವಲ್ಲ. ಕಾಳು ಬೇಯುವಾಗ ನೀರು ಕುಡಿದು ಉಬ್ಬುತ್ತದೆ, ಬೆಂದ ಕಾಳಿನ 100 ಗ್ರಾಮಿನಲ್ಲಿ ಉಳಿಯುವುದು ಎಂಟು ಒಂಬತ್ತು ಗ್ರಾಂ. ಅರ್ಧ ಕೆಜಿ ಕೈಮದಿಂದ ನಾಲ್ಕು ಜನಕ್ಕೆ ಬರುತ್ತಿದ್ದ ಪ್ರೋಟೀನಿನ ಅರ್ಧದಷ್ಟು ಆಗ ಹೇಳಿದ 200 ಗ್ರಾಂ ಮಸೂರಿನಿಂದ ಬರುತ್ತದೆ. ಕೊರತೆಯನ್ನು ಆ ಶೇಂಗಾ, ತಟ್ಟೆಯಲ್ಲಿರುವ ಮುದ್ದೆ, ಕೊನೆಯ ಮಜ್ಜಿಗೆ ಅನ್ನ ಸೇರಿ ಒಂದಿಷ್ಟು ತುಂಬುತ್ತವೆ. ಮೇಲಾಗಿ ನಮಗೆ ಬೇಕಾದದ್ದಾದರೂ ಎಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದೊಡ್ಡವರಿಗೆ ದಿನಕ್ಕೆ ದೇಹದ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ. 55 ಕೆಜಿ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ ಒಬ್ಬರಿಗೆ ಸುಮಾರು 85 ಗ್ರಾಂ ಬೇಳೆಕಾಳು ಇದೆ. ನಮ್ಮಲ್ಲಿ ಎಷ್ಟು ಮನೆಗಳ ತಟ್ಟೆಗೆ ಅಷ್ಟು ಬೀಳುತ್ತಿದೆ? ತೆಳ್ಳನೆಯ ತಿಳಿಸಾರಿನಲ್ಲಿ ಅನ್ನ ಕಲಸಿ ಎದ್ದುಬಿಡುವ ಹೆಣ್ಣುಮಕ್ಕಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಭಾನುವಾರದ ಎರಡು ತುಂಡು ಮಾಂಸ ಉಳಿದ ಆರು ದಿನದ ಬರವನ್ನು ನೀಗಿಸುವುದಿಲ್ಲ. ಕಾಳಿನ ಕೈಮ ನೀಗಿಸಬಲ್ಲದು, ಏಕೆಂದರೆ ಅದನ್ನು ವಾರದ ನಡುವೆಯೂ ಮಾಡಬಹುದು. ಮಟನ್ ಇಷ್ಟು ದುಬಾರಿಯಾಗಿರುವಾಗ ಅದನ್ನು ವಾರಕ್ಕೆ ಮೂರು ಸಲ ತರುವ ಶಕ್ತಿ ಎಷ್ಟು ಜನಕ್ಕಿದೆ?

ರಾಗಿಗೂ ಕಾಳಿಗೂ ಇರುವ ನಂಟನ್ನು ಹೇಳಲೇಬೇಕು. ಏಕದಳ ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಹೇರಳ. ಕಾಳಿನಲ್ಲಿ ಮಿಥಿಯೊನಿನ್ ಕಡಿಮೆ, ರಾಗಿಯಲ್ಲಿ ಅದು ಚೆನ್ನಾಗಿದೆ. ಮುದ್ದೆ ಮತ್ತು ಕಾಳಿನ ಸಾರು ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ಹೊಲದಲ್ಲೂ ಅಷ್ಟೆ. ರಾಗಿಯ ಹೊಲದಲ್ಲಿ ಅವರೆ, ಅಲಸಂದೆ, ಹುಚ್ಚೆಳ್ಳನ್ನು ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದ ರೈತರಿಗೆ ಕಾಳಿನ ಬೇರು ನೆಲಕ್ಕೆ ಸಾರಜನಕ ಕಟ್ಟಿಕೊಡುತ್ತದೆ ಎಂಬುದನ್ನು ಯಾವ ಪ್ರಯೋಗಾಲಯವೂ ಹೇಳಿರಲಿಲ್ಲ. ಮೈಸೂರಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಪೌಷ್ಟಿಕತೆ ನೀಗಿಸಲೆಂದು ಆ ದಶಕದಲ್ಲೇ ಸಿದ್ಧಪಡಿಸಿದ ಬಹೂಪಯೋಗಿ ಆಹಾರದಲ್ಲೂ ಇದ್ದದ್ದು ಕಡಲೆಕಾಯಿಯ ಹಿಟ್ಟು ಮತ್ತು ಕಡಲೆ ಹಿಟ್ಟು. ನಮ್ಮ ಬಾಣಲೆಯ ಕಾಳು ಮತ್ತು ಶೇಂಗಾದ ಜೋಡಿಗೂ ಅದಕ್ಕೂ ದೂರವೇನಿಲ್ಲ.

ಇನ್ನು ಮಾಂಸ ಬಿಟ್ಟರೆ ತಪ್ಪಿಹೋಗುವುದೇನು ಎಂಬುದು. ಎರಡು ಮುಖ್ಯ. ಒಂದು ಕಬ್ಬಿಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇತ್ತು. ಕಾಳಿನಲ್ಲಿ ಕಬ್ಬಿಣವಿದೆ, ಆದರೆ ಮಾಂಸದ ಕಬ್ಬಿಣದಷ್ಟು ಸಲೀಸಾಗಿ ದೇಹ ಅದನ್ನು ಹೀರಿಕೊಳ್ಳುವುದಿಲ್ಲ. ಬಡಿಸುವಾಗ ನಿಂಬೆರಸ ಹಿಂಡಿ, ನೆಲ್ಲಿಕಾಯಿ ಇಡಿ, ಕಾಳನ್ನು ಮೊಳಕೆ ಕಟ್ಟಿ ಬಳಸಿ, ಹೀರಿಕೆ ಹೆಚ್ಚುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ತಗ್ಗುತ್ತದೆ, ಒಂದು ಗಂಟೆ ತಡೆಯಿರಿ. ಎರಡನೆಯದು ಬಿ12 ಜೀವಸತ್ವ. ಕಾಳಿನಲ್ಲಾಗಲಿ ಸೊಪ್ಪಿನಲ್ಲಾಗಲಿ ನೆಚ್ಚಬಹುದಾದಷ್ಟು ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ ಊಟದಲ್ಲಿರಲಿ. ಇವನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು. ಬಸುರಿ ಬಾಣಂತಿಯರು, ರಕ್ತಹೀನತೆ ಇರುವ ಹುಡುಗಿಯರು, ಎಳೆ ಮಕ್ಕಳು ತಿನ್ನುತ್ತಿರುವ ಮಾಂಸವನ್ನೋ ಮೊಟ್ಟೆಯನ್ನೋ ಏಕಾಏಕಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಮೂತ್ರಪಿಂಡದ ತೊಂದರೆ ಇರುವವರೂ ಕಾಳು ಹೆಚ್ಚಿಸುವ ಮುಂಚೆ ವೈದ್ಯರನ್ನು ಕೇಳಬೇಕು.

ಗ್ಯಾಸ್ ಆಗುತ್ತದೆ ಎನ್ನುವ ದೂರು ನಿಜವಾದದ್ದೇ. ನೆನೆಸಿದ ನೀರನ್ನು ಚೆಲ್ಲುವುದರಿಂದ, ಶುಂಠಿ ಇಂಗು ಹಾಕುವುದರಿಂದ ಅರ್ಧ ಪರಿಹಾರ. ಉಳಿದರ್ಧ ಅಭ್ಯಾಸದಿಂದ. ಅದಕ್ಕೇ ಮೊದಲ ವಾರ ಕೈಮ ಮುಕ್ಕಾಲು ಭಾಗ, ಕಾಳು ಕಾಲು ಭಾಗ ಇರಲಿ. ಆಮೇಲೆ ಅರ್ಧರ್ಧ. ಹೊಟ್ಟೆಗೂ ಅಭ್ಯಾಸವಾಗುತ್ತದೆ, ನಾಲಿಗೆಗೂ ಆಗುತ್ತದೆ. ಪೂರ್ತಿ ಕಾಳಿಗೆ ಬರಲು ಕೆಲವು ಮನೆಗಳಿಗೆ ತಿಂಗಳು ಹಿಡಿಯಬಹುದು, ಕೆಲವು ಮನೆಗಳು ಅರ್ಧರ್ಧದಲ್ಲೇ ನಿಲ್ಲಬಹುದು. ನಿಂತರೂ ಲಾಭವೇ. ಮಾಂಸದ ಕೊಬ್ಬು ಅರ್ಧಕ್ಕಿಳಿಯಿತು, ಇಲ್ಲದ ನಾರು ಬಂದು ಸೇರಿತು.

ಆದರೆ ಮನೆಯವರಿಗೆ ಹೇಳದೆ ಬಡಿಸಬೇಡಿ. ಮಕ್ಕಳು ಮರೆಮಾಚಿದ್ದನ್ನು ಕಂಡುಹಿಡಿದರೆ ಮುಂದಿನ ಸಲ ತಟ್ಟೆಯನ್ನೇ ಮುಟ್ಟುವುದಿಲ್ಲ. ಹಿರಿಯರಿಗೂ ಅದು ಅವಮಾನ. ಪರಿಚಯದ ಮನೆಯೊಂದರಲ್ಲಿ ಸೊಸೆ ಅಲಸಂದೆಯ ಉಂಡೆಯನ್ನು ಬಟ್ಟಲಿಗೆ ಹಾಕುತ್ತಿದ್ದಾಗ ಅತ್ತೆ ಕೈ ಹಿಡಿದು ಕೇಳಿದ್ದು ನನಗೆ ನೆನಪಿದೆ: “ಏನಾಕಿದ್ದೀಯ ಅಂತ ಮೊದ್ಲು ಹೇಳ್ಬುಡವ್ವ, ಆಮೇಲೆ ತಿಂತೀನಿ.” “ಅಲಸಂದೆ ಕಾಳು ಅತ್ತೆಮ್ಮ, ಬಾಡಿಲ್ಲ,” ಎಂದಳು ಸೊಸೆ. ಒಂದು ಮುರಿದು ಬಾಯಿಗಿಟ್ಟುಕೊಂಡ ಆ ಹಿರಿಯರು “ಉಪ್ಪು ಒಸಿ ಮುಂದಾಗದೆ, ಉಂಡೆ ಚೆನ್ನಾಗದೆ” ಎಂದರು. ಹೇಳಿದ್ದು ಸರಿಯೇ ಆಗಿತ್ತು. ಹಬೆಯಲ್ಲಿ ಬೆಂದ ಉಂಡೆಯಿಂದ ಉಪ್ಪು ಸಾರಿಗೆ ಅಷ್ಟಾಗಿ ಇಳಿಯುವುದಿಲ್ಲ, ಒಳಗೇ ಉಳಿಯುತ್ತದೆ. ಕೈಮಕ್ಕೆ ಹಾಕುವುದಕ್ಕಿಂತ ಒಂದು ಚಿಟಿಕೆ ಕಡಿಮೆ ಹಾಕಿ.

ಕೊನೆಯದಾಗಿ, ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ನೆನೆಸಿ ರುಬ್ಬಿದ ಹಸಿ ಕಾಳು ಬೇಸಿಗೆಯಲ್ಲಿ ಬೇಗ ಹುಳಿಯುತ್ತದೆ, ಅದನ್ನು ಇಟ್ಟುಕೊಳ್ಳಬೇಡಿ. ಹಬೆಯಲ್ಲಿ ಬೆಂದ ಉಂಡೆಯನ್ನು ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು. ಭಾನುವಾರ ಸಂಜೆ ಮಾಡಿಟ್ಟರೆ ಮಂಗಳವಾರದ ಸಾರಿಗೆ ಆಗುತ್ತದೆ, ಮಿಕ್ಕಿದ್ದನ್ನು ಚಪ್ಪಟೆ ತಟ್ಟಿ ಕಾವಲಿಯ ಮೇಲೆ ಎಣ್ಣೆ ಬಿಟ್ಟು ಸುಟ್ಟರೆ ಮಕ್ಕಳ ಡಬ್ಬಿಗೂ ಆಗುತ್ತದೆ. ಜೊತೆಗೆ ನಾಲ್ಕು ಸೌತೆಕಾಯಿ ಬಿಲ್ಲೆ, ಅರ್ಧ ನಿಂಬೆಹಣ್ಣು ಹಾಕಿಕೊಡಿ.